ಹೆಣ್ಣು ಕಡ್ಡಿ

ನಮ್ಮ ಕಡೆ ಜನ ಹಸುವಿಗೆ ಸೂಜಿ ಹಾಕಿಸುವುದನ್ನು ಯಾಕೆ ಕಲಿತರು ಅಂತ ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆ, ಅದರಲ್ಲಿ ಮುಕ್ಕಾಲು ಪಾಲು ಬೊಗಳೆ. ಸೂಜಿ ಅಂದರೆ ಚುಚ್ಚುವ ಸೂಜಿಯಲ್ಲ. ಹೋರಿಯ ಬೀಜ ತುಂಬಿದ ಸಣ್ಣ ಕಡ್ಡಿಯನ್ನು ಕೊಳವೆಗೆ ಸಿಕ್ಕಿಸಿ ಹಸುವಿನ ಗರ್ಭಕ್ಕೆ ಬಿಡುವ ಕೆಲಸ, ನಮ್ಮವರ ಬಾಯಲ್ಲಿ ಅದಕ್ಕೆ ಸೂಜಿ ಅಂತಲೇ ಹೆಸರು. ಹಾಲು ಹೆಚ್ಚಾಗಲಿ ಅಂತ ಹಾಕಿಸಿದೆವು ಅನ್ನುವುದು ಡೈರಿ ಮೀಟಿಂಗಿನಲ್ಲಿ ಆಡುವ ಮಾತು. ಪಿಳ್ಳಪ್ಪ ಹಾಕಿಸಿದ್ದು ಎದುರು ಮನೆಯ ಕೊಟ್ಟಿಗೆಯಲ್ಲಿ ಕಪ್ಪು ಬಿಳುಪಿನ ಕರು ಕಂಡು ಹೊಟ್ಟೆ ಉರಿದು. ಚಿಕ್ಕಮಾರಯ್ಯ ಹಾಕಿಸಿದ್ದು ದೇವರಿಗೆ ಬಿಟ್ಟಿದ್ದ ಬಸವ ಏರ್‌ಪೋರ್ಟ್ ರೋಡಿನಲ್ಲಿ ಲಾರಿಗೆ ಸಿಕ್ಕಿ ಸತ್ತು, ಸುತ್ತಮುತ್ತ ಹೋರಿ ಅನ್ನುವುದೇ ಇಲ್ಲವಾದ ಮೇಲೆ. ಇನ್ನೊಬ್ಬ ಪುಣ್ಯಾತ್ಮ, ಸೂಜಿ ಹಾಕುವವನು ಮನೆಗೆ ಬಂದರೆ ಕಾಫಿ ಕುಡಿಯುತ್ತಾ ನಾಲ್ಕು ಊರಿನ ಸುದ್ದಿ ಹೇಳುತ್ತಾನಲ್ಲ ಅನ್ನುವ ಆಸೆಗೇ ಹಾಕಿಸಿದ.

ಮುನಿಕೆಂಪಮ್ಮನ ಕಾರಣ ಇವರ್ಯಾರದ್ದೂ ಅಲ್ಲ. ಎರಡು ಸಾವಿರದ ಹದಿನಾರರಲ್ಲಿ ನಮ್ಮ ಬೀದಿಗೆ ಹೊಸದಾಗಿ ಬಂದ ಹೆಣ್ಣು ಕಡ್ಡಿಯನ್ನು, ಅಂದರೆ ಹೆಣ್ಣು ಕರುವೇ ಹುಟ್ಟುವ ಹಾಗೆ ಬೀಜ ಬೇರ್ಪಡಿಸಿ ತುಂಬಿದ ಕಡ್ಡಿಯನ್ನು, ಎಲ್ಲರಿಗಿಂತ ಮೊದಲು ಹಾಕಿಸಿದವಳು ಅವಳು. ಹಾಲಿಗಾಗಿ ಅಲ್ಲ. ಇನ್ನೊಂದು ಗಂಡು ಕರು ತನ್ನ ಕೊಟ್ಟಿಗೆಯಿಂದ ಆಟೋ ಹತ್ತುವುದನ್ನು ನೋಡಲಾರೆ ಅನ್ನುವುದಕ್ಕಾಗಿ.

ವಿದ್ಯಾರಣ್ಯಪುರದ ಬಸ್ಸು ತಿರುಗಿ ನಿಲ್ಲುವ ಜಾಗದಿಂದ ಒಳಕ್ಕೆ ನಡೆದರೆ ಹಳೇ ಊರು. ಹೊಲಗಳೆಲ್ಲ ಸೈಟಾಗಿ, ಸೈಟುಗಳೆಲ್ಲ ಮನೆಯಾಗಿದ್ದವು. ಮುನಿಕೆಂಪಮ್ಮನ ಗಂಡ ಮುನಿಗಂಗಪ್ಪ ಕೂಡ ಮೂರಂತಸ್ತು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ. ಹಾಲು ಮಾರಿ ಬದುಕುವ ದರ್ದು ಆ ಮನೆಗೆ ಇರಲಿಲ್ಲ. ಆದರೂ ಕಟ್ಟಡದ ಹಿಂದೆ ಜಿಂಕ್ ಶೀಟಿನ ಕೊಟ್ಟಿಗೆಯೊಂದು ಉಳಿದಿತ್ತು, ಅದರಲ್ಲಿ ಒಂದೇ ಒಂದು ಹಸು, ಗೌರಿ.

ಗೌರಿ ಮುನಿಕೆಂಪಮ್ಮನ ಸ್ವಂತ ಆಸ್ತಿ. ಮದುವೆಯಲ್ಲಿ ಅವಳ ತಾಯಿ ಕೆಂಚಿ ಅನ್ನುವ ನಾಟಿ ಕಡಸನ್ನು ಬಳುವಳಿಯಾಗಿ ಕೊಟ್ಟಿದ್ದಳು. ಕೆಂಚಿಯ ಮಗಳು, ಅದರ ಮಗಳು ಅಂತ ಲೆಕ್ಕ ಹಾಕಿದರೆ ಗೌರಿ ಐದನೇ ತಲೆ. ಒಂದೊಂದು ತಲೆಗೂ ಸೀಮೆ ಹೋರಿಯ ಸೂಜಿ ಬಿದ್ದು ಬಿದ್ದು, ಗೌರಿ ನೋಡಲಿಕ್ಕೆ ಪೂರ್ತಿ ಸೀಮೆ ಹಸುವೇ. ತವರಿನ ಹಸು ಅಂತ ಹೇಳಲು ಬಾಲದ ತುದಿಯ ನಾಲ್ಕು ಕೆಂಚು ಕೂದಲು ಬಿಟ್ಟರೆ ಏನೂ ಇರಲಿಲ್ಲ. ಮುನಿಕೆಂಪಮ್ಮನಿಗೆ ಅಷ್ಟು ಸಾಕಿತ್ತು. ಜಮೀನು ಗಂಡನದು, ಕಟ್ಟಡ ಮಗನ ಹೆಸರಿನದು, ಒಡವೆ ಸೊಸೆಯ ಬೀರುವಿನಲ್ಲಿ. ತಾಯಿ ಕೊಟ್ಟದ್ದರಲ್ಲಿ ಜೀವ ಇರುವುದು ಇದೊಂದೇ.

ಆದರೆ ಗೌರಿ ಈದದ್ದೆಲ್ಲ ಗಂಡು. ಒಂದಲ್ಲ ಎರಡಲ್ಲ, ಐದು.

ಉಳುವ ಹೊಲವಿಲ್ಲದ ಊರಿನಲ್ಲಿ ಸೀಮೆ ಹೋರಿಗರು ಯಾರಿಗೆ ಬೇಕು? ಗಿಣ್ಣಿನ ದಿನಗಳು ಮುಗಿಯುವವರೆಗೆ ಇಟ್ಟುಕೊಂಡು, ಒಂಬತ್ತನೇ ದಿನ ಮುನಿಗಂಗಪ್ಪ ಗೂಡ್ಸ್ ಆಟೋ ತರಿಸುತ್ತಿದ್ದ. ಕಾಲಿಗೆ ಗೋಣಿ ಹಗ್ಗ ಸುತ್ತಿ ಕರುವನ್ನು ಹತ್ತಿಸುತ್ತಿದ್ದ. "ದೊಡ್ಬಳ್ಳಾಪುರದ ದಾರೀಲಿ ಗೋಶಾಲೆ ಐತೆ, ಅಲ್ಲಿ ಬಿಟ್ ಬತ್ತೀನಿ. ನಮಗಿಂತ ಚೆನ್ನಾಗಿ ಸಾಕ್ತಾರೆ" ಅನ್ನುತ್ತಿದ್ದ. ಗೌರಿ ಮೂರು ದಿನ ಕೂಗುತ್ತಿತ್ತು, ಆಮೇಲೆ ಸುಮ್ಮನಾಗುತ್ತಿತ್ತು. ಮುನಿಕೆಂಪಮ್ಮನೂ ಅಷ್ಟೇ ದಿನ ಊಟ ಬಿಟ್ಟು ಆಮೇಲೆ ಸುಮ್ಮನಾಗುತ್ತಿದ್ದಳು.

ಐದನೆಯದು ಹೋದ ಮೇಲೆ ಅವಳಿಗೆ ಮನಸ್ಸು ತಡೆಯಲಿಲ್ಲ. ಒಂದು ಸೋಮವಾರ ಅಕ್ಕಿ ಬೆಲ್ಲ ಕಟ್ಟಿಕೊಂಡು, ಯಾರಿಗೂ ಹೇಳದೆ, ಎರಡು ಬಸ್ಸು ಬದಲಾಯಿಸಿ ಆ ಗೋಶಾಲೆ ಹುಡುಕಿಕೊಂಡು ಹೋದಳು. ಐದೂ ಕರುಗಳು ಸಾಲಾಗಿ ನಿಂತು ಮೇವು ತಿನ್ನುತ್ತಿರುತ್ತವೆ, ದೊಡ್ಡದು ಈಗ ತನ್ನ ಎದೆಯೆತ್ತರ ಇರುತ್ತೆ ಅಂದುಕೊಂಡೇ ಹೋಗಿದ್ದಳು. ಗೇಟಿನ ಹತ್ತಿರ ಸಗಣಿ ಗುಡಿಸುತ್ತಿದ್ದ ಮುದುಕಿಯೊಬ್ಬಳು ಕಸಬರಿಕೆ ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಸೀಮೆ ಅಸೀನ ಗಂಡ್ಕರಾ? ಇಲ್ ತಗೊಳಲ್ಲ ಕಣಮ್ಮ, ಜಾಗ ಇಲ್ಲ. ಜನ ಈ ಗೇಟಿಗೆ ಕಟ್ಟಿ ಓಗ್ಬಿಡ್ತಾರೆ."

"ಆಮೇಲೆ?"

"ಆಮೇಲೇನು. ಯಾರಾದ್ರೂ ಬಿಚ್ಕೊಂಡು ಓಗ್ತಾರೆ. ಇಲ್ಲಾಂದ್ರೆ ಆಲಿಲ್ದೆ ಇಲ್ಲೇ ಮಲಗ್ತವೆ. ಮುನ್ಸಿಪಾಲ್ಟಿ ಗಾಡಿ ಬತ್ತದೆ."

ಮುನಿಕೆಂಪಮ್ಮ ಅಕ್ಕಿ ಬೆಲ್ಲವನ್ನು ಒಳಗಿದ್ದ ಯಾವುದೋ ಹಸುವಿಗೆ ತಿನ್ನಿಸಿ ವಾಪಸು ಬಂದಳು. ಮನೆಯಲ್ಲಿ ಗಂಡ ಎಲ್ಲಿಗೆ ಹೋಗಿದ್ದೆ ಅಂದ. ಗೋಶಾಲೆಗೆ ಅಂದಳು. ಅವನು ಮುದ್ದೆ ಮುರಿಯುವುದನ್ನು ಒಂದು ಕ್ಷಣ ನಿಲ್ಲಿಸಿ, ಏನು ನೋಡಿದೆ ಅಂತ ಕೇಳದೆ, ಮತ್ತೆ ಮುರಿದ. ಅವತ್ತು ಅವಳಿಗೆ ಗಂಡನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಹೇಸಿಗೆ ದೊಡ್ಡದು. ಐದು ಸಲವೂ ಮೋಸಹೋಗಿದ್ದಳು ಅಂತಲ್ಲ. ನಂಬಿದರೆ ಸುಲಭ ಅಂತ ನಂಬಿದ್ದಳು.

ಅದೇ ತಿಂಗಳು ಸೂಜಿ ಹಾಕುವ ಶಿವಶರಣಪ್ಪ ಹೆಣ್ಣು ಕಡ್ಡಿಯ ಸುದ್ದಿ ತಂದ. ಕಲಬುರಗಿ ಕಡೆಯವನು, ಹನ್ನೆರಡು ವರ್ಷದಿಂದ ಈ ಭಾಗದಲ್ಲೇ ಇದ್ದರೂ ಮಾತು ಮಾತ್ರ ತನ್ನೂರಿನದನ್ನೇ ಇಟ್ಟುಕೊಂಡವನು. ಸ್ಕೂಟರಿನ ಮುಂದೆ ಹೊಗೆಯಾಡುವ ತಣ್ಣನೆಯ ಕ್ಯಾನು, ಹಿಂದೆ ಕೈಗವಸಿನ ಚೀಲ.

"ನೂರಕ್ಕ ತೊಂಬತ್ತು ಹೆಣ್ಣs ಬರ್ತಾವ್ರಿ ಅವ್ವಾರ. ಖರೇ ಹೇಳಬೇಕಂದ್ರ ಇದು ಎಳೀ ಕಡಸಿಗೆ ಚಲೋ. ನಿಮ್ಮ ಆಕಳಿಗೆ ವಯಸ್ಸಾಗ್ಯಾದ, ಗಬ್ಬ ಕಟ್ಟೂದು ಗ್ಯಾರಂಟಿ ಇಲ್ರಿ."

"ಕಟ್ಟತ್ತೋ ಬಿಡತ್ತೋ, ನಂಗೊಂದು ತಂದ್ಕೊಡು ಸರಣಪ್ಪ" ಅಂದಳು ಮುನಿಕೆಂಪಮ್ಮ.

ಗಂಡ ಒಪ್ಪಿದ, ಆದರೆ ಒಂದು ಷರತ್ತು ಹಾಕಿದ. ಮಗ ಬಾಲರಾಜ್ ಕೊಟ್ಟಿಗೆಯ ಜಾಗದಲ್ಲಿ ನಾಲ್ಕು ರೂಮು ಎತ್ತಬೇಕು ಅಂತ ಎರಡು ವರ್ಷದಿಂದ ಪೀಡಿಸುತ್ತಿದ್ದ. "ಇದೊಂದ್ ಸಲ ನೋಡಾನ. ಎಣ್ಣು ಬಂತಾ, ನೀನಿರೋ ತಂಕ ಕೊಟ್ಟಿಗೆ ಮುಟ್ಟಲ್ಲ. ಗಂಡಾಯ್ತು ಅಥವಾ ಕಟ್ಟನೇ ಇಲ್ಲ ಅಂದ್ರೆ ಅಸೀನ ಮಾರ್ಬುಡೋದು. ಆಮೇಲೆ ಅತ್ಕೊಂಡ್ ಕೂತ್ಕೋಬಾರ್ದು" ಅಂದ ಮುನಿಗಂಗಪ್ಪ. ಅವಳು ಹೂಂ ಅಂದಳು. ಒಂದು ಹೆಣ್ಣು ಕರು ಬಂದರೆ ತಾಯಿಯ ಬಳುವಳಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಅಷ್ಟೇ ಲೆಕ್ಕ.

ಈಗ ಮುನಿಕೆಂಪಮ್ಮನ ಕಣ್ಣಿನ ವಿಷಯ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಆದದ್ದು ಆ ಕಣ್ಣಿನಿಂದ. ಹಸು ಬೆದೆಗೆ ಬಂದದ್ದನ್ನು ಕಂಡುಹಿಡಿಯುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ನಾಲ್ಕು ಬೀದಿಯಲ್ಲಿ ಇರಲಿಲ್ಲ. ಬೆದೆ ಅರ್ಧ ದಿನ ಇರುತ್ತೆ, ಹೆಚ್ಚೆಂದರೆ ಇನ್ನೊಂದಿಷ್ಟು ಹೊತ್ತು. ತಪ್ಪಿದರೆ ಇಪ್ಪತ್ತೊಂದು ದಿನ ಕಾಯಬೇಕು. ಬೇರೆಯವರು ಹಸು ಕೂಗಿ ಬೀದಿ ಎಬ್ಬಿಸಿದ ಮೇಲೆ ಎಚ್ಚೆತ್ತರೆ, ಇವಳು ಡೈರಿಗೆ ಹಾಲು ಹಾಕಿ ಬರುವಾಗ ದಾರಿಯಲ್ಲಿ ಕಟ್ಟಿದ ಹಸುವಿನ ಕಿವಿ, ಬಾಲ, ನಿಂತ ಭಂಗಿ ನೋಡಿಯೇ, "ಇದುಕ್ಕೆ ಬೆಳಗ್ಗೆ ಸುರುವಾಗೈತೆ, ಸಂಜೆ ಆರಕ್ಕೆ ಸೂಜಿ ಆಕ್ಸು" ಅಂತ ಹೇಳಿ ಹೋಗುತ್ತಿದ್ದಳು. ಹೇಳಿದ್ದು ಒಂದು ದಿನವೂ ಸುಳ್ಳಾಗಿರಲಿಲ್ಲ. ಶಿವಶರಣಪ್ಪನೇ, ಅವ್ವಾರು ಇರದಿದ್ದರೆ ನನ್ನ ಅರ್ಧ ಕಡ್ಡಿ ಗಟಾರಕ್ಕ ಹೋಗ್ತಿದ್ವು ಅನ್ನುತ್ತಿದ್ದ. ಓದಿಲ್ಲದ ಹೆಂಗಸಿಗೆ ಊರಿನಲ್ಲಿ ಇದ್ದ ಮರ್ಯಾದೆ ಅದು. ಅವಳು ಅದನ್ನು ಹೊರಗೆ ತೋರಿಸದಿದ್ದರೂ ಒಳಗೆ ಚೆನ್ನಾಗಿಯೇ ಅನುಭವಿಸುತ್ತಿದ್ದಳು, ಅದರಲ್ಲಿ ತಪ್ಪೇನಿದೆ.

ಏಪ್ರಿಲಿನಲ್ಲಿ ಗೌರಿಗೆ ಹೆಣ್ಣು ಕಡ್ಡಿ ಬಿತ್ತು. ಇಪ್ಪತ್ತೊಂದು ದಿನಕ್ಕೆ ಮುನಿಕೆಂಪಮ್ಮ ಕೊಟ್ಟಿಗೆಯಲ್ಲೇ ಕುಳಿತು ಕಾದಳು. ಬೆದೆ ತಿರುಗಲಿಲ್ಲ. ನಲವತ್ತೆರಡಕ್ಕೂ ಇಲ್ಲ, ಅರವತ್ತಮೂರಕ್ಕೂ ಇಲ್ಲ. ಗಬ್ಬ ನಿಂತಿತ್ತು. ಅವಳು ಗೌರಿಯ ಕೊರಳಿಗೆ ಕರೀ ದಾರ ಕಟ್ಟಿದಳು. ಯಶವಂತಪುರದ ಯಾರ್ಡಿನಿಂದ ಕೋಸಿನ ಎಲೆ ತರುವವನಿಗೆ ಎರಡು ಮೂಟೆ ಜಾಸ್ತಿ ಹೇಳಿದಳು. ರಾಗಿ ಗಂಜಿ ಕಾಯಿಸಿ ಕುಡಿಸಿದಳು. ಸೊಸೆ, ನನ್ನ ಬಸುರಿನಲ್ಲಿ ಇಷ್ಟು ಮಾಡಲಿಲ್ಲ ಅಂತ ಗೊಣಗಿದಳು. ಅದು ನಿಜವೂ ಹೌದು.

ಮೂರನೇ ತಿಂಗಳಿನಲ್ಲಿ ಡಾಕ್ಟರು ಪಿಳ್ಳಪ್ಪನ ಮನೆಗೆ ಬಂದಿದ್ದಾಗ ಶಿವಶರಣಪ್ಪ ಗೌರಿಯನ್ನೂ ತೋರಿಸಿ ಅಂದ. ಒಳಗೆ ಕೈ ಹಾಕಿ ನೋಡಿದರೆ ಗಬ್ಬ ಇದೆಯೋ ಇಲ್ಲವೋ ಖಚಿತವಾಗುತ್ತದೆ. ಮುನಿಕೆಂಪಮ್ಮ ಬಿಲ್‌ಕುಲ್ ಒಪ್ಪಲಿಲ್ಲ. ಹಿಂದೆ ಚಿಕ್ಕಮಾರಯ್ಯನ ಹಸು ಹೀಗೆ ಕೈ ಹಾಕಿಸಿದ ವಾರಕ್ಕೇ ಕಂದು ಹಾಕಿತ್ತು, ಅಂದರೆ ದಿನ ತುಂಬದ ಕರು ಬಿದ್ದುಹೋಗಿತ್ತು. ಅದು ಆ ಕೈಯಿಂದಲೇ ಆಯಿತೋ ಬೇರೆಯದರಿಂದಲೋ ದೇವರಿಗೇ ಗೊತ್ತು, ಆದರೆ ಅಂದಿನಿಂದ ಬೀದಿಯ ಹೆಂಗಸರಲ್ಲಿ ಒಂದು ಮಾತು ನಿಂತುಬಿಟ್ಟಿತ್ತು: ಕಟ್ಟಿದ ಗಬ್ಬಕ್ಕೆ ಕೈ ಹಾಕಿಸಬಾರದು. "ನನ್ ಕಣ್ಣೇ ಏಳ್ತದೆ, ಅಸು ಕಟ್ಟೈತೆ. ಯಾರೂ ಮುಟ್ಟಾದು ಬ್ಯಾಡ" ಅಂದುಬಿಟ್ಟಳು. ಡಾಕ್ಟರು ನಕ್ಕು ಕೈ ತೊಳೆದುಕೊಂಡು ಹೋದರು.

ಆಗಸ್ಟಿನ ಒಂದು ಶುಕ್ರವಾರ, ಶ್ರಾವಣದ ಬೆಳಗ್ಗೆ, ಗೌರಿ ಕೂಗಿತು.

ಮುನಿಕೆಂಪಮ್ಮ ಬಾಗಿಲಿಗೆ ನೀರು ಹಾಕುತ್ತಿದ್ದವಳು ಬಿಂದಿಗೆ ಅಲ್ಲೇ ಬಿಟ್ಟು ಕೊಟ್ಟಿಗೆಗೆ ಓಡಿದಳು. ಗೌರಿ ಕಿವಿ ನಿಮಿರಿಸಿ ನಿಂತಿತ್ತು. ಬಾಲ ಒಂದು ಕಡೆಗೆ ಎತ್ತಿತ್ತು. ಹಿಂದೆ ಗಾಜಿನಂಥ ಲೋಳೆಯ ಎಳೆ ಇಳಿದಿತ್ತು. ಹಿಂಡಿ ಇಟ್ಟರೆ ಮೂಸಲಿಲ್ಲ. ಗೋಡೆಯಾಚೆ ಪಿಳ್ಳಪ್ಪನ ಹೆಂಡತಿ ಮುನಿಯಲ್ಲಮ್ಮ ತನ್ನ ಹಸುವನ್ನು ಹೊರಗೆ ಕಟ್ಟಿದ್ದಳು. ಗೌರಿಯನ್ನು ಬಿಚ್ಚಿದರೆ ನೇರ ಅದರ ಮುಂದೆ ಹೋಗಿ ನಿಂತು, ಅದು ಮೇಲೆ ಹತ್ತಿದರೂ ಅಲುಗಾಡಲಿಲ್ಲ.

"ಅಕ್ಕ, ನಿಂದು ಬೆದೇಗೆ ಬಂದಂಗೈತಲ್ಲ" ಅಂದಳು ಮುನಿಯಲ್ಲಮ್ಮ, ಮೆಲ್ಲಗೆ.

ಅದು ಮುನಿಕೆಂಪಮ್ಮನಿಗೂ ಕಾಣುತ್ತಿತ್ತು. ಹಾಗಾದರೆ ಗಬ್ಬ ಇಲ್ಲ. ನಾಲ್ಕು ತಿಂಗಳು ಗಂಜಿ ಕುಡಿಸಿದ್ದು ಖಾಲಿ ಹೊಟ್ಟೆಗೆ. ಎಲ್ಲೋ ನಡುವೆ ಕರಗಿ ಹೋಗಿದೆ, ತನಗೆ ಗೊತ್ತಾಗಲಿಲ್ಲ. ಗಂಡ ಹಲ್ಲುಜ್ಜುತ್ತಾ ಬಂದು ನಿಂತು ನೋಡಿದ. ಅವನಿಗೂ ಹಸುವಿನ ಭಾಷೆ ಅಷ್ಟಿಷ್ಟು ಬರುತ್ತಿತ್ತು.

"ಕಟ್ಟಿಲ್ಲ ಅಲ್ವಾ" ಅಂದ. "ರಾಜಾನುಕುಂಟೆ ದನದ ದಲ್ಲಾಳಿಗೆ ಫೋನ್ ಮಾಡ್ತೀನಿ. ಭಾನ್ವಾರ ಬಂದು ನೋಡ್ಕೊಂಡು ಓಗ್ಲಿ."

"ಸರಣಪ್ಪನ ಅತ್ರ ಇನ್ನೊಂದು ಕಡ್ಡಿ ಐತೆ. ಇವತ್ತೇ ಆಕ್ಸಿದ್ರೆ..."

"ಮಾತು ಮಾತಲ್ವಾ?"

"ಇವತ್ತೊಂದಿನ. ಇದು ಮೊದ್ಲು ಆಕ್ಸಿದ್ ಕಡ್ಡೀದೇ ಬಾಕಿ ಅನ್ಕೊಳ್ಳಿ. ನಿಮ್ ಕಾಲಿಗೆ ಬೀಳ್ತೀನಿ."

ಮೂವತ್ತಾರು ವರ್ಷದ ಸಂಸಾರದಲ್ಲಿ ಅವಳು ಆ ಮಾತು ಆಡಿರಲಿಲ್ಲ. ಮುನಿಗಂಗಪ್ಪ ಮುಖ ತಿರುಗಿಸಿಕೊಂಡು, "ಇವತ್ತು ಮಾತ್ರ" ಅಂದ.

ಶಿವಶರಣಪ್ಪ ಸಂಜೆ ಐದಕ್ಕೆ ಬಂದ. ಸ್ಕೂಟರಿನಿಂದ ಇಳಿದು ಗೌರಿಯ ಸುತ್ತ ಎರಡು ಸುತ್ತು ಬಂದ. ಕ್ಯಾನು ತೆರೆಯಲಿಲ್ಲ.

"ಮೂರೂವರಿ ತಿಂಗಳ ಮ್ಯಾಲ ಆತಲ್ರಿ ಅವ್ವಾರ. ನಡುವ ಒಮ್ಮಿನೂ ಬೆದಿ ಬಂದಿಲ್ಲ ಅಂತೀರಿ. ನನಗ್ಯಾಕೋ ಅನುಮಾನ ಬರ್ತದ. ನೂರಕ್ಕ ನಾಕೈದು ಆಕಳು ಗಬ್ಬ ಇದ್ರೂ ಬೆದಿ ತೋರಸ್ತಾವ. ಒಮ್ಮೆ ಡಾಕ್ಟರ್ ಸಾಹೇಬ್ರು ಕೈ ಹಾಕಿ ನೋಡ್ಲಿ."

"ಕರಿ ಅವ್ರನ್ನ."

"ಕಾಲುಬಾಯಿ ಲಸಿಕಿ ಹಾಕಾಕ ಹೋಗ್ಯಾರ. ಸೋಮವಾರನs ಬರೂದು."

ಸೋಮವಾರದ ಹೊತ್ತಿಗೆ ಬೆದೆ ಮುಗಿದಿರುತ್ತದೆ, ಭಾನುವಾರವೇ ರಾಜಾನುಕುಂಟೆಯವನು ಬಂದಿರುತ್ತಾನೆ. ನೀನೇ ಕೈ ಹಾಕಿ ನೋಡು ಅನ್ನಬಹುದಿತ್ತು. ಅಂದಳು ಕೂಡ. ಗಬ್ಬ ಗುರುತಿಸುವುದು ನನಗೆ ಅಷ್ಟು ಪಕ್ಕಾ ಬರೂದಿಲ್ರಿ, ನಾ ಹೇಳಿದ್ದು ತಪ್ಪಾದ್ರ ಅಂತ ಅವನು ಹಿಂದೆ ಸರಿದ. ಮುನಿಕೆಂಪಮ್ಮನಿಗೆ ಸಿಟ್ಟು ಬಂತು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವನು ಅವಳ ಕಣ್ಣನ್ನು ಅನುಮಾನಿಸಿದ್ದ, ಅದೂ ಬೀದಿಯವರ ಎದುರಿಗೆ. ಗೋಡೆಯಾಚೆ ಮುನಿಯಲ್ಲಮ್ಮ ನಿಂತು ಕೇಳುತ್ತಿದ್ದಳು.

"ಸರಣಪ್ಪ, ನಾನು ಬೆದೆ ಅಂದಿದ್ದು ಒಂದಿನಾನಾದ್ರೂ ಸುಳ್ಳಾಗೈತಾ?"

"ಇಲ್ರಿ."

"ಇದು ನಂ ಮನೆ ಅಸು. ಇದರ ಅಜ್ಜಿ ಮುತ್ತಜ್ಜಿ ಬೆದೆ ನೋಡಿದೀನಿ ನಾನು. ಆಕು."

ಅವನು ಕ್ಯಾನಿನ ಮುಚ್ಚಳ ತೆರೆದ. ಆಮೇಲೆ ಕೈಗವಸು ಏರಿಸಿದ, ಕಡ್ಡಿಯನ್ನು ಬಿಸಿನೀರಿನಲ್ಲಿ ಅದ್ದಿ ಕೊಳವೆಗೆ ಸಿಕ್ಕಿಸಿದ. ಮುನಿಕೆಂಪಮ್ಮ ಗೌರಿಯ ತಲೆ ಹಿಡಿದುಕೊಂಡಳು. ಸಾಮಾನ್ಯವಾಗಿ ಎರಡು ನಿಮಿಷದ ಕೆಲಸ. ಅವತ್ತು ಐದಾಯಿತು, ಆರಾಯಿತು. ಶಿವಶರಣಪ್ಪನ ಹಣೆಯಲ್ಲಿ ಬೆವರು ಇಳಿಯಿತು.

"ಅವ್ವಾರ, ಬಾಯಿ ಬಿಗಿ ಅದ ರೀ" ಅಂದ.

ಅಷ್ಟು ಸಾಕಿತ್ತು. ಬೆದೆಯ ಹಸುವಿನ ಗರ್ಭದ ಬಾಯಿ ಸಡಿಲ ಇರುತ್ತದೆ, ಬಿಗಿಯಾಗುವುದು ಒಳಗೆ ಜೀವ ಇದ್ದಾಗ. ಇದು ಅವಳಿಗೆ ಗೊತ್ತಿಲ್ಲದ್ದಲ್ಲ, ಅವಳೇ ಬೇರೆಯವರಿಗೆ ಹೇಳುತ್ತಿದ್ದ ಮಾತು. ಗೌರಿ ಕೊರಳು ಎಳೆದುಕೊಂಡು ನರಳಿತು. ಬಿಡು, ಬ್ಯಾಡ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಬಂದದ್ದನ್ನು ನುಂಗಿಕೊಂಡಳು. ಬಿಟ್ಟರೆ ಭಾನುವಾರ, ಬಿಟ್ಟರೆ ಇಷ್ಟು ಜನರ ಮುಂದೆ ತನ್ನ ಕಣ್ಣು ಸುಳ್ಳು.

"ವಯಸ್ಸಾದ ಅಸು ಕಣಪ್ಪ, ಅದ್ಕೆ ಬಿಗಿ. ಕೈ ಗಟ್ಟಿ ಇಡ್ಕೊಂಡು ಆಕು" ಅಂದಳು.

ಅವನು ಹಾಕಿದ.

ಐದನೇ ದಿನ ಬೆಳಗ್ಗೆ ಗೌರಿ ಬೆನ್ನು ಗೂನು ಮಾಡಿಕೊಂಡು ನಿಂತಿತ್ತು. ಕಾಲ ಬಳಿ ಹುಲ್ಲಿನ ಮೇಲೆ ಕಂದು ಬಿದ್ದಿತ್ತು. ಒಂದು ಬೆಕ್ಕಿನಷ್ಟು, ಮೈಮೇಲೆ ಕೂದಲಿಲ್ಲ, ಚರ್ಮದೊಳಗಿನ ನರ ಕಾಣುತ್ತಿತ್ತು. ನಾಲ್ಕು ಗೊರಸು ಮೆತ್ತಗೆ ಬೆಳ್ಳಗೆ ಇದ್ದವು. ಗೌರಿ ಅದನ್ನು ಮೂಸಿ ನೆಕ್ಕಲು ನೋಡುತ್ತಿತ್ತು. ಮುನಿಕೆಂಪಮ್ಮ ಕುಕ್ಕರಗಾಲಿನಲ್ಲಿ ಕೂತು, ಸೆರಗಿನಿಂದ ಲೋಳೆ ಒರೆಸಿ, ಹಿಂಗಾಲು ಬಿಡಿಸಿ ನೋಡಿದಳು. ನೋಡದೆ ಇರಬಹುದಿತ್ತು. ಸಾಸಿವೆ ಕಾಳಿನಷ್ಟು ನಾಲ್ಕು ಮೊಲೆ ತೊಟ್ಟು, ಎರಡೆರಡರಂತೆ.

ಹೆಣ್ಣು.

ಅವಳು ಅಳಲಿಲ್ಲ. ಅಳುವುದಕ್ಕೆ ಯಾರ ಮೇಲಾದರೂ ಹಾಕಬೇಕಲ್ಲ. ದೇವರ ಮೇಲೆ ಹಾಕೋಣ ಅಂದರೆ ದೇವರು ಕೊಟ್ಟಿದ್ದ. ಗಂಡನ ಮೇಲೆ ಹಾಕೋಣ ಅಂದರೆ ಅವನು ಒಂದು ದಿನ ಬಿಟ್ಟುಕೊಟ್ಟಿದ್ದ. ಶಿವಶರಣಪ್ಪ ಬೇಡ ಅಂದಿದ್ದ, ಎರಡು ಸಲ. ತಾಯಿಯ ಬಳುವಳಿಯ ಕೊನೆಯ ಕುಡಿಯನ್ನು ತಾನೇ, ತನ್ನ ಬಾಯಿಂದಲೇ, ಗಟ್ಟಿ ಹಿಡಿದುಕೊಂಡು ಹಾಕು ಅಂತ ಹೇಳಿ ಕೊಲ್ಲಿಸಿದ್ದಳು. ಪಕ್ಕದ ಖಾಲಿ ಸೈಟಿನಲ್ಲಿ ಗುದ್ದಲಿ ಹಿಡಿದು ಗುಂಡಿ ತೋಡಿ, ಯಾರೂ ಬರುವ ಮೊದಲೇ ಮುಚ್ಚಿಬಿಟ್ಟಳು.

ಮುನಿಗಂಗಪ್ಪ ಎದ್ದು ಬಂದಾಗ ಅವಳು ಕಾಲು ತೊಳೆಯುತ್ತಿದ್ದಳು. ಮುನಿಯಲ್ಲಮ್ಮ ಗೋಡೆಯಾಚೆಯಿಂದ ಇಣುಕುತ್ತಿದ್ದಳು. ಅವಳು ಅವನಿಗೆ ವಿಷಯ ಹೇಳಿದಳು.

"ಅಂಗಾರೆ ಗಬ್ಬ ಇತ್ತಾ" ಅಂದ. ಆಮೇಲೆ, "ಏನಿತ್ತು?"

ಹೆಣ್ಣು ಅಂದರೆ ಮುಂದಿನ ಪ್ರಶ್ನೆ ಬರುತ್ತದೆ. ಬಾರದಿದ್ದರೂ ಅವನ ಕಣ್ಣಿನಲ್ಲಿ ಇರುತ್ತದೆ, ಸಾಯುವವರೆಗೂ ಇರುತ್ತದೆ. ಮುನಿಕೆಂಪಮ್ಮ ಚೊಂಬನ್ನು ಬೋರಲು ಹಾಕಿದಳು.

"ಗಂಡು" ಅಂದಳು.

ಮುನಿಗಂಗಪ್ಪ ಉಸಿರು ಬಿಟ್ಟ. ಕೆಟ್ಟವನಲ್ಲ ಅವನು, ಹೆಂಡತಿಗೆ ಸಮಾಧಾನ ಆಗಲಿ ಅಂತಲೇ ಹೇಳಿದ: "ಓಗ್ಲಿ ಬುಡು ಅತ್ಲಾಗಿ. ಉಳಿದಿದ್ರೂ ಆಟೋಗೆ ಆಕ್ಬೇಕಾಗಿತ್ತು. ಒಳ್ಳೇದೇ ಆಯ್ತು."

ಅವಳು ಹೂಂ ಅನ್ನಬೇಕಾಯಿತು. ಅಂದಳು.

ಶಿವಶರಣಪ್ಪ ಸುದ್ದಿ ಕೇಳಿ ಸಂಜೆ ಬಂದ. ಒಳಗೆ ಬರದೆ ಸ್ಕೂಟರ್ ಹಿಡಿದುಕೊಂಡೇ ಬಾಗಿಲಲ್ಲಿ ನಿಂತ. ಮುಖ ಬಿಳಿಚಿಕೊಂಡಿತ್ತು. ಕೇಳಲೋ ಬೇಡವೋ ಅಂತ ನೋಡಿ ಕೊನೆಗೆ, ಬಿದ್ದದ್ದು ಗಂಡೋ ಹೆಣ್ಣೋ ಅಂತ ಕೇಳಿದ. ಅವನಿಗಾದರೂ ನಿಜ ಹೇಳಬೇಕು ಅಂತ ಅವಳಿಗಿತ್ತು. ಆದರೆ ಆ ಮುಖ ನೋಡಿ, ಇವನ್ಯಾಕೆ ಹೊರಬೇಕು ಅನ್ನಿಸಿತು.

"ಗಂಡು ಕಣಪ್ಪ."

"ಹೌದೇನ್ರಿ?" ಅವನ ಹೆಗಲು ಸಡಿಲವಾದದ್ದು ಅವಳಿಗೆ ಕಂಡಿತು. "ನೂರಕ್ಕ ಹತ್ತು ಹಂಗ ಆಗ್ತಾವ್ರಿ. ನಿಮ್ಮ ನಸೀಬಿಗೆ ಆ ಹತ್ತರಾಗಿನದು ಬಂತು ನೋಡ್ರಿ."

ಸ್ಕೂಟರ್ ಹೊರಟುಹೋಯಿತು. ಒಬ್ಬನಿಗಾದರೂ ಒಳ್ಳೆಯದು ಮಾಡಿದೆ ಅಂತ ಮುನಿಕೆಂಪಮ್ಮ ಅವತ್ತು ರಾತ್ರಿ ಅಂದುಕೊಂಡಳು. ಅವತ್ತು ಒಂದು ರಾತ್ರಿ ಮಾತ್ರ.

ಗೌರಿಯನ್ನು ರಾಜಾನುಕುಂಟೆಯವನು ತಿಂಗಳೊಳಗೆ ಹೊಡೆದುಕೊಂಡು ಹೋದ. ಸಂಕ್ರಾಂತಿಯ ಹೊತ್ತಿಗೆ ಕೊಟ್ಟಿಗೆ ಇದ್ದಲ್ಲಿ ನಾಲ್ಕು ರೂಮಿನ ಗೋಡೆ ಎದ್ದಿತ್ತು. ಇದೆಲ್ಲ ಆಗುವುದೇ ಅಂತ ಅವಳಿಗೆ ಗೊತ್ತಿತ್ತು, ಗಟ್ಟಿ ಮನಸ್ಸು ಮಾಡಿಕೊಂಡಿದ್ದಳು. ಗೊತ್ತಿಲ್ಲದೆ ಇದ್ದದ್ದು, ಮಾತು ಮನೆಯಿಂದ ಹೊರಟರೆ ಅದಕ್ಕೆ ಕಾಲು ಬರುತ್ತದೆ ಅನ್ನುವುದು. ಮುನಿಕೆಂಪಮ್ಮನ ಹಸುವಿನ ಹೊಟ್ಟೆಯಲ್ಲಿ ಗಂಡಿತ್ತಂತೆ, ಹೆಣ್ಣು ಕಡ್ಡಿ ಹಾಕಿಸಿದರೂ. ಬೆದೆ ನೋಡುವುದರಲ್ಲಿ ಎತ್ತಿದ ಕೈ ಅವಳು, ಅವಳಿಗೇ ಹೀಗಾಯಿತು ಅಂದ ಮೇಲೆ ನಮ್ಮದೇನು. ಕಡ್ಡಿ ಸುಳ್ಳು, ದುಡ್ಡು ಹೊಡೆಯಲು ಮಾಡಿದ್ದು. ಶಿವಶರಣಪ್ಪ ಮನೆ ಮನೆಗೆ ಹೋಗಿ ತಿಳಿ ಹೇಳಿದ. ಯಾರೂ ಕೇಳಲಿಲ್ಲ. ಆಗ ನಮ್ಮ ಹಳೇ ಊರಿನಲ್ಲಿ ಇನ್ನೂ ಹತ್ತೊಂಬತ್ತು ಹಸುಗಳಿದ್ದವು. ಒಂದಕ್ಕೂ ಹೆಣ್ಣು ಕಡ್ಡಿ ಬೀಳಲಿಲ್ಲ.

ಮುನಿಯಲ್ಲಮ್ಮನ ಹಸು ಬೆದೆಗೆ ಬಂದ ದಿನ ಶಿವಶರಣಪ್ಪ ಮುನಿಕೆಂಪಮ್ಮನಿಗೂ ಕೇಳಿಸುವ ಹಾಗೆ ಕೇಳಿದ, ಯಾವ ಕಡ್ಡಿ ಹಾಕ್ಲಿ ಅಂತ.

"ಮಾಮೂಲಿದೇ ಆಕಪ್ಪ" ಅಂದಳು ಮುನಿಯಲ್ಲಮ್ಮ. "ಅಕ್ಕನ ಗತಿ ನೋಡಿಲ್ವಾ."

ಮುನಿಕೆಂಪಮ್ಮ ಗೋಡೆಯ ಈಚೆ ನಿಂತಿದ್ದಳು. ಕಡ್ಡಿ ಸುಳ್ಳಲ್ಲ ಅಂತ ಆಗಲೇ ಹೇಳಬೇಕಿತ್ತು. ಶಿವಶರಣಪ್ಪ ಅಲ್ಲೇ ಇದ್ದ, ಅವನ ಮುಖ ಮತ್ತೆ ಬಿಳಿಚಿಕೊಳ್ಳುವುದು ಬೇಡವಾಗಿತ್ತು. ಅದೂ ಪೂರ್ತಿ ನಿಜವಲ್ಲ. ತನ್ನದೇ ಮುಖ ಬಿಳಿಚಿಕೊಳ್ಳುವುದು ಬೇಡವಾಗಿತ್ತು. ಒಳಗೆ ಹೋಗಿ ಒಲೆಯ ಮೇಲೆ ಏನೋ ಇಟ್ಟಿದ್ದೇನೆ ಅನ್ನುವ ಹಾಗೆ ಅಡಿಗೆ ಮನೆಯಲ್ಲಿ ನಿಂತಳು.

ಒಂಬತ್ತು ತಿಂಗಳು ತುಂಬಿ ಹಸು ಈಯಿತು. ಗಂಡು. ಒಂಬತ್ತನೇ ದಿನ ಪಿಳ್ಳಪ್ಪ ಆಟೋ ತರಿಸಿದ. ಕರು ಗಟ್ಟಿಮುಟ್ಟಾಗಿತ್ತು, ಹಗ್ಗ ಸುತ್ತಿಸಿಕೊಳ್ಳದೆ ಒದೆಯಿತು. ಮುನಿಯಲ್ಲಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಅದರ ಕೊರಳು ತಬ್ಬಿ ಹಿಡಿದಿದ್ದಳು. ಮುನಿಕೆಂಪಮ್ಮ ಬೀದಿಗೆ ಇಳಿದು ಬಂದಳು.

"ಯಲ್ಲಮ್ಮ, ಅವತ್ತು ನಂ ಅಸು ಆಕಿದ್ದು ಗಂಡಲ್ಲ. ಎಣ್ಣು. ಕಡ್ಡಿ ಸುಳ್ಳಲ್ಲ, ಸುಳ್ಳೇಳಿದ್ದು ನಾನು. ಮುಂದ್ಲ ಸಲನಾದ್ರೂ ಆಕ್ಸು."

ಮುನಿಯಲ್ಲಮ್ಮ ಅವಳನ್ನು ನೋಡಿದಳು. ನಂಬಲಿಲ್ಲ. ಬೈಯಲೂ ಇಲ್ಲ. ನೊಂದ ಮನಸ್ಸು, ಏನೋ ಹೇಳುತ್ತಾಳೆ ಅನ್ನುವ ಕರುಣೆ ಅವಳ ಮುಖದಲ್ಲಿತ್ತು.

"ನಂಗೆ ಸಮಾಧಾನ ಆಗ್ಲಿ ಅಂತ ಏಳ್ತೀಯ ಕಣಕ್ಕ. ನೀನು ಒಳ್ಳೇವ್ಳು" ಅಂದಳು. "ಬಾ, ಇಂದ್ಗಡೆ ಕಾಲು ಒಸಿ ಇಡ್ಕೊ. ಒದೀತೈತೆ."

ಕರು ಬೆಚ್ಚಗಿತ್ತು. ಮುನಿಕೆಂಪಮ್ಮ ಎರಡೂ ಹಿಂಗಾಲು ಸೇರಿಸಿ ಹಿಡಿದಳು, ಪಿಳ್ಳಪ್ಪ ಹಗ್ಗ ಬಿಗಿದ, ಮೂವರೂ ಸೇರಿ ಎತ್ತಿ ಆಟೋದೊಳಗೆ ಹಾಕಿದರು.